ನಗರದಲ್ಲಿ ಆಸ್ಪತ್ರೆ ಹತ್ತಿರ, ಆರೈಕೆ ಯಾಕೆ ದೂರ?

ಹಳ್ಳಿಗಿಂತ ನಗರದಲ್ಲಿ ಹೆಣ್ಣುಮಕ್ಕಳ ಆರೋಗ್ಯ ಚೆನ್ನಾಗಿರುತ್ತದೆ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ದೊಡ್ಡ ಆಸ್ಪತ್ರೆಗಳಿವೆ, ಸ್ಪೆಷಲಿಸ್ಟ್ ಡಾಕ್ಟರುಗಳಿದ್ದಾರೆ, ಬೀದಿಗೊಂದು ಮೆಡಿಕಲ್ ಶಾಪ್ ಇದೆ. ಸರಾಸರಿ ಅಂಕಿ ನೋಡಿದರೆ ಈ ನಂಬಿಕೆ ಸರಿಯೇ. ತೊಂದರೆ ಇರುವುದು ಆ ಸರಾಸರಿಯಲ್ಲೇ. ಎತ್ತರದ ಅಪಾರ್ಟ್‌ಮೆಂಟ್‌ನಲ್ಲಿ ಇರುವವರನ್ನೂ ಅದರ ಹಿಂದಿನ ಗುಡಿಸಲಿನಲ್ಲಿ ಇರುವವರನ್ನೂ ಒಟ್ಟಿಗೆ ಸೇರಿಸಿ ಭಾಗಿಸಿದರೆ, ಗುಡಿಸಲಿನ ಕಷ್ಟ ಲೆಕ್ಕದಿಂದಲೇ ಮಾಯವಾಗುತ್ತದೆ. ಆ ಗುಡಿಸಲಿನ ಹೆಂಗಸರಿಗೆ ಸಂತಾನೋತ್ಪತ್ತಿ ಆರೋಗ್ಯದ ಸೇವೆ ಸಿಗಲು ಹೊರಗಿನವರ ನೆರವು ಹೇಗಿರಬೇಕು ಎಂಬುದೇ ಈ ಬರಹದ ವಿಷಯ.

ಕೀನ್ಯಾದ ನೈರೋಬಿಯಲ್ಲಿ 2000ನೇ ಇಸವಿಯಲ್ಲಿ ಕೊಳೆಗೇರಿಗಳನ್ನೇ ಬೇರೆಯಾಗಿಟ್ಟು ಒಂದು ಸಮೀಕ್ಷೆ ಮಾಡಿದರು. ಮಾಡಿದ್ದು ಆಫ್ರಿಕನ್ ಪಾಪ್ಯುಲೇಷನ್ ಅಂಡ್ ಹೆಲ್ತ್ ರಿಸರ್ಚ್ ಸೆಂಟರ್. ಐದು ವರ್ಷದೊಳಗಿನ ಮಕ್ಕಳ ಸಾವಿನ ಪ್ರಮಾಣ ಆ ದೇಶದ ಹಳ್ಳಿಗಳಿಗಿಂತ ರಾಜಧಾನಿಯ ಕೊಳೆಗೇರಿಗಳಲ್ಲಿ ಜಾಸ್ತಿ ಇತ್ತು. ನಂತರ ಅದೇ ನಗರದ ಕೊರೊಗೋಚೊ ಮತ್ತು ವಿವಾಂಡಾನಿ ಎಂಬ ಎರಡು ಬಡಾವಣೆಗಳಲ್ಲಿ 2003ರಿಂದ 2005ರವರೆಗೆ ತಾಯಂದಿರ ಸಾವನ್ನು ಲೆಕ್ಕ ಹಾಕಿದರು. ಒಂದು ಲಕ್ಷ ಹೆರಿಗೆಗೆ ಸುಮಾರು 700 ತಾಯಂದಿರು ಸಾಯುತ್ತಿದ್ದರು. 2030ರ ಹೊತ್ತಿಗೆ ಇಡೀ ಜಗತ್ತಿನ ಸರಾಸರಿಯನ್ನು 70ಕ್ಕಿಂತ ಕೆಳಗೆ ಇಳಿಸಬೇಕು ಎಂಬುದು ವಿಶ್ವಸಂಸ್ಥೆಯ ಗುರಿ. ದೇಶದ ಅತಿ ದೊಡ್ಡ ಆಸ್ಪತ್ರೆಗಳಿರುವ ಊರಿನಲ್ಲೇ ಅದರ ಹತ್ತು ಪಟ್ಟು ಸಾವು!

ಇದು ಒಂದು ನಗರದ ಕಥೆಯಾಗಿ ಮುಗಿಯುವುದಿಲ್ಲ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನ ಈಗ ನಗರಗಳಲ್ಲಿ ಬದುಕುತ್ತಿದ್ದಾರೆ. ಅವರಲ್ಲಿ ಸುಮಾರು ನೂರು ಕೋಟಿ ಜನ ಕೊಳೆಗೇರಿಗಳಲ್ಲೋ ಅಂಥದ್ದೇ ಬಡಾವಣೆಗಳಲ್ಲೋ ಇದ್ದಾರೆ. ಹಾಗಾಗಿ ಮುಂದಿನ ದಿನಗಳಲ್ಲಿ ತಾಯಂದಿರ ಆರೋಗ್ಯ ಏನಾಗುತ್ತದೆ ಎಂಬುದು ಬಹುಪಾಲು ನಗರಗಳ ವಾರ್ಡುಗಳಲ್ಲೇ ತೀರ್ಮಾನವಾಗುತ್ತದೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಸಂತಾನೋತ್ಪತ್ತಿ ಆರೋಗ್ಯ ಅಂದ ತಕ್ಷಣ ಬಹಳ ಜನರಿಗೆ ಕುಟುಂಬ ಯೋಜನೆಯ ಆಪರೇಷನ್ ನೆನಪಾಗುತ್ತದೆ. ವಿಷಯ ಅದಕ್ಕಿಂತ ತುಂಬಾ ದೊಡ್ಡದು. 1994ರಲ್ಲಿ ಈಜಿಪ್ಟಿನ ಕೈರೋದಲ್ಲಿ ಜನಸಂಖ್ಯೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 179 ದೇಶಗಳು ಅಲ್ಲಿ ಒಂದು ತಿಳಿವಳಿಕೆಗೆ ಬಂದವು. ಮಕ್ಕಳು ಬೇಕೋ ಬೇಡವೋ, ಯಾವಾಗ ಬೇಕು, ಎಷ್ಟು ಬೇಕು ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಆಯಾ ವ್ಯಕ್ತಿಗೆ ಸೇರಿದ್ದು. ಅದಕ್ಕೆ ಬೇಕಾದ ಮಾಹಿತಿ ಮತ್ತು ಸೌಲಭ್ಯ ಸಿಗಬೇಕಾದದ್ದು ಅವರ ಹಕ್ಕು. ಸುರಕ್ಷಿತ ಹೆರಿಗೆ, ಬಾಣಂತಿಯ ಆರೈಕೆ, ಗರ್ಭಪಾತದ ನಂತರದ ಚಿಕಿತ್ಸೆ, ಲೈಂಗಿಕ ಸೋಂಕುಗಳ ತಪಾಸಣೆ, ಮಕ್ಕಳಾಗದವರಿಗೆ ನೆರವು, ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ಹದಿಹರೆಯದವರಿಗೆ ಸರಿಯಾದ ತಿಳಿವಳಿಕೆ, ಎಲ್ಲವೂ ಇದರೊಳಗೆ ಬರುತ್ತವೆ.

ಹತ್ತಿರದಲ್ಲಿದ್ದರೂ ಕೈಗೆ ಸಿಗದ್ದು

ಹಳ್ಳಿಯಲ್ಲಿ ಆರೈಕೆಗೆ ಅಡ್ಡಿಯಾಗುವುದು ಮುಖ್ಯವಾಗಿ ದೂರ. ನಗರದಲ್ಲಿ ಅಡ್ಡಿಯಾಗುವುದು ಹೊತ್ತು.

ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳನ್ನು ಯೋಚಿಸಿ. ಬೆಳಿಗ್ಗೆ ಎಂಟಕ್ಕೆಲ್ಲ ಮನೆ ಬಿಡುತ್ತಾಳೆ, ಸಂಜೆ ಏಳಕ್ಕೆ ಮನೆ ಸೇರುತ್ತಾಳೆ. ಆರೋಗ್ಯ ಕೇಂದ್ರ ಅವಳ ಮನೆಯಿಂದ ಹತ್ತು ನಿಮಿಷದ ದಾರಿ. ಆದರೆ ಅದು ತೆರೆದಿರುವ ಹೊತ್ತಿನಲ್ಲಿ ಅವಳು ಮೆಷಿನ್ ಮುಂದೆ ಕೂತಿರುತ್ತಾಳೆ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಗರ್ಭನಿರೋಧಕ ಇಂಜೆಕ್ಷನ್‌ಗೆ ಹೋಗಬೇಕೆಂದರೆ ಅರ್ಧ ದಿನದ ಕೂಲಿ ಬಿಡಬೇಕು. ಹೇಗೋ ರಜೆ ಹಾಕಿ ಹೋದಳು ಅಂದುಕೊಳ್ಳೋಣ. ಚೀಟಿ ಮಾಡಿಸುವಲ್ಲಿ ಈ ಊರಿನ ವಿಳಾಸದ ದಾಖಲೆ ಕೇಳುತ್ತಾರೆ. ಬಾಡಿಗೆ ಮನೆ, ವರ್ಷಕ್ಕೊಮ್ಮೆ ಬದಲಾಗುತ್ತದೆ, ದಾಖಲೆ ಇರುವುದು ಹುಟ್ಟಿದ ಊರಿನದ್ದು. ಅದನ್ನೂ ದಾಟಿದರೆ ಸಾಲು. ಸಾಲಿನಲ್ಲಿ ಪಕ್ಕದ ಮನೆಯವರು. ಒಳಗೆ ಹೋದರೆ ಒಂದೇ ಕೋಣೆಯಲ್ಲಿ ಮೂರು ಟೇಬಲ್, ಪರದೆ ಇಲ್ಲ, ಸಿಸ್ಟರ್ ಕೇಳುವ ಪ್ರಶ್ನೆ ಎಲ್ಲರಿಗೂ ಕೇಳಿಸುತ್ತದೆ. ಕೊನೆಗೆ 'ಇಂಜೆಕ್ಷನ್ ಖಾಲಿಯಾಗಿದೆಯಮ್ಮ, ಮುಂದಿನ ವಾರ ಬಾ' ಅನ್ನುತ್ತಾರೆ.

ಮುಂದಿನ ವಾರ ಅವಳು ಬರುವುದಿಲ್ಲ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ 'ಬಿಟ್ಟುಹೋದವರು' ಎಂದು ಬರೆಯುತ್ತಾರೆ. ಅಷ್ಟಕ್ಕೂ ಅವಳು ಎಲ್ಲಿ ಬಿಟ್ಟಳು? ಅವಳ ಕೈಬಿಟ್ಟದ್ದು ಆ ವ್ಯವಸ್ಥೆ.

ಈ ಒಂದು ಭೇಟಿಯಲ್ಲೇ ನೋಡಿ, ಎಷ್ಟು ಅಡ್ಡಿಗಳಿವೆ. ಸಮಯ, ಕೂಲಿ, ದಾಖಲೆ, ನಾಚಿಕೆ, ಔಷಧಿಯ ಕೊರತೆ. ಇದರಲ್ಲಿ ಒಂದನ್ನೂ ಹೊಸ ಆಸ್ಪತ್ರೆ ಕಟ್ಟಡ ಕಟ್ಟಿ ಬಗೆಹರಿಸಲು ಆಗುವುದಿಲ್ಲ. ನಗರಕ್ಕೆ ನೆರವು ನೀಡಲು ಬರುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನೇ ಅಂತ ನನಗೆ ಅನ್ನಿಸುತ್ತದೆ. ಇವೆಲ್ಲ ಆ ವಾರ್ಡಿನಲ್ಲೇ ಹುಟ್ಟಿದ ಅಡ್ಡಿಗಳು. ಅವುಗಳನ್ನು ತೆಗೆಯುವ ಶಕ್ತಿ ಇರುವುದೂ ಅಲ್ಲಿನ ಸಿಸ್ಟರಿಗೆ, ಮನೆಮನೆ ಸುತ್ತುವ ಕಾರ್ಯಕರ್ತೆಗೆ, ಪಾಲಿಕೆಯ ಆರೋಗ್ಯಾಧಿಕಾರಿಗೆ, ಆ ಬೀದಿಯ ಹೆಣ್ಣುಮಕ್ಕಳ ಸಂಘಕ್ಕೆ. ಹೊರಗಿನ ನೆರವು ಅವರ ಕೈ ಸೇರಬೇಕು. ಅವರನ್ನು ಬದಿಗಿಟ್ಟು ಪಕ್ಕದಲ್ಲಿ ಇನ್ನೊಂದು ಅಂಗಡಿ ತೆರೆದರೆ, ಯೋಜನೆಯ ದುಡ್ಡು ಮುಗಿದ ದಿನ ಆ ಅಂಗಡಿಯೂ ಮುಚ್ಚುತ್ತದೆ.

ಹಳ್ಳಿಯಲ್ಲಿ ಗೆದ್ದ ದಾರಿ ನಗರದಲ್ಲಿ ಗೆಲ್ಲುತ್ತದೆ ಅಂತಲೂ ಇಲ್ಲ. ನೇಪಾಳದ ಮಕ್ವಾನ್‌ಪುರ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರ ಗುಂಪು ಕಟ್ಟಿದರು. ಹೆರಿಗೆ, ಶಿಶು ಆರೈಕೆ ಬಗ್ಗೆ ತಿಂಗಳಿಗೊಮ್ಮೆ ಕೂತು ಮಾತಾಡಿಸಿದರು. ನವಜಾತ ಶಿಶುಗಳ ಸಾವು ಗಮನಾರ್ಹವಾಗಿ ಕಡಿಮೆಯಾಯಿತು ಎಂದು 2004ರಲ್ಲಿ ವರದಿಯಾಯಿತು. ಇದೇ ಬಗೆಯ ಗುಂಪುಗಳನ್ನು ಮುಂಬೈನ ಕೊಳೆಗೇರಿಗಳಲ್ಲಿ ಮಾಡಿ ನೋಡಿದಾಗ ಅಂಥ ಫಲ ಕಾಣಲಿಲ್ಲ. 2012ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಮುಂಬೈನ ಕೆಲಸವನ್ನು ನಾನು ಸೋಲು ಎಂದು ಕರೆಯುವುದಿಲ್ಲ. ಫಲ ಬರಲಿಲ್ಲ ಎಂದು ಬಹಿರಂಗವಾಗಿ ಹೇಳಿದ್ದರಿಂದ ಉಳಿದ ನಗರಗಳಿಗೆ ದೊಡ್ಡ ಉಪಕಾರವಾಯಿತು. ಕೊಳೆಗೇರಿಯಲ್ಲಿ ಜನ ಮನೆ ಬದಲಾಯಿಸುತ್ತಲೇ ಇರುತ್ತಾರೆ. ಹೆರಿಗೆಗೆ ತವರಿಗೆ ಹೋಗುವವರೂ ಇರುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಬಿಡುವಾಗಿ ಸಿಗುವುದಿಲ್ಲ. ಗುಂಪು ಕಟ್ಟುವ ಕೆಲಸವೇ ಅಲ್ಲಿ ಬೇರೆ ಥರ.

ಖಾಲಿ ಕಪಾಟಿನ ಲೆಕ್ಕ

ನೆರವು ಎಲ್ಲಿ ಹೆಚ್ಚು ಫಲ ಕೊಡುತ್ತದೆ ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಆರೋಗ್ಯ ಕೇಂದ್ರದ ಔಷಧಿ ಕಪಾಟನ್ನು. ಇದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ, ಫೋಟೊ ತೆಗೆಸಿಕೊಳ್ಳುವುದಿಲ್ಲ. ಆದರೆ ಕಪಾಟು ಖಾಲಿಯಿದ್ದರೆ ಉಳಿದ ಎಲ್ಲ ಕೆಲಸ ವ್ಯರ್ಥ.

ಕಪಾಟು ಹೇಗೆ ಖಾಲಿಯಾಗುತ್ತದೆ ನೋಡಿ. ಒಂದು ಕೇಂದ್ರದಲ್ಲಿ ತಿಂಗಳಿಗೆ 60 ಇಂಜೆಕ್ಷನ್ ಬೇಕು ಎಂದಿಟ್ಟುಕೊಳ್ಳಿ. ಈ ತಿಂಗಳು ದಾಸ್ತಾನು ಕಡಿಮೆ ಇತ್ತು, 15ನೇ ತಾರೀಖಿಗೇ ಮುಗಿಯಿತು. ಹಾಗಾಗಿ ಖರ್ಚಾದದ್ದು 30. ತಿಂಗಳ ಕೊನೆಗೆ ಸಿಸ್ಟರ್ ರಿಜಿಸ್ಟರ್ ನೋಡಿ ಮುಂದಿನ ತಿಂಗಳಿಗೆ 30 ಎಂದೇ ಬರೆದು ಕಳಿಸುತ್ತಾರೆ. ಮೇಲಿನ ಕಚೇರಿಯವರಿಗೂ ಅಲ್ಲಿ ಬೇಡಿಕೆ ಕಡಿಮೆ ಅಂತಲೇ ಕಾಣುತ್ತದೆ. 30 ಬರುತ್ತದೆ, ಮತ್ತೆ 15ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ವಾಪಸು ಹೋದ ಹೆಂಗಸರು ಬರುವುದನ್ನೇ ನಿಲ್ಲಿಸಿರುತ್ತಾರೆ. ಆಗ ಬೇಡಿಕೆ ನಿಜವಾಗಿಯೂ ಇಳಿಯುತ್ತದೆ. ಯಾರದೂ ಸೋಮಾರಿತನ ಇಲ್ಲ, ಯಾರದೂ ಕಳ್ಳತನ ಇಲ್ಲ. ಲೆಕ್ಕ ಹಾಕುವ ರೀತಿಯೇ ಕಪಾಟನ್ನು ಖಾಲಿ ಇಡುತ್ತದೆ.

ಸರಿಪಡಿಸುವುದು ಸುಲಭ. ಖರ್ಚಾದ 30ನ್ನು ಇಡೀ ತಿಂಗಳಿಗೆ ಹಂಚಬಾರದು, ಔಷಧಿ ಇದ್ದ 15 ದಿನಕ್ಕೆ ಮಾತ್ರ ಹಂಚಬೇಕು. ಆಗ ದಿನಕ್ಕೆ 2, ತಿಂಗಳಿಗೆ 60 ಎಂಬ ನಿಜವಾದ ಬೇಡಿಕೆ ಹೊರಬರುತ್ತದೆ. ಅದರ ಮೇಲೆ, ಸರಬರಾಜು ತಡವಾದರೆ ಎಂದು ಎರಡು ತಿಂಗಳ ದಾಸ್ತಾನು ಜಾಸ್ತಿ ಇಟ್ಟುಕೊಂಡರೆ ಕಪಾಟಿನಲ್ಲಿ 180 ಇರಬೇಕು. ಪ್ರತಿ ತಿಂಗಳೂ ಎಷ್ಟು ಉಳಿದಿದೆ ಎಂದು ಎಣಿಸಿ, 180 ಆಗುವಷ್ಟು ತುಂಬಿದರೆ ಸಾಕು.

ಸೆನೆಗಲ್ ದೇಶ ಇದನ್ನೇ ಮಾಡಿ ತೋರಿಸಿತು. ರಾಜಧಾನಿ ಡಾಕರ್‌ಗೆ ಅಂಟಿಕೊಂಡ ಪಿಕಿನ್ ಎಂಬ ಪ್ರದೇಶದಲ್ಲಿ 2012ರಲ್ಲಿ ಪದ್ಧತಿ ಬದಲಾಯಿಸಿದರು. ಅಲ್ಲಿಯವರೆಗೆ ಗರ್ಭನಿರೋಧಕ ಸಾಮಗ್ರಿ ಬೇಕಾದರೆ ಆರೋಗ್ಯ ಕೇಂದ್ರದವರೇ ಪಟ್ಟಿ ಬರೆದು, ಉಗ್ರಾಣಕ್ಕೆ ಹೋಗಿ ತರಬೇಕಿತ್ತು. ಹೊಸ ಪದ್ಧತಿಯಲ್ಲಿ ಸರಬರಾಜು ನೋಡಿಕೊಳ್ಳುವ ಸಿಬ್ಬಂದಿಯೇ ವಾಹನದಲ್ಲಿ ಕೇಂದ್ರಗಳಿಗೆ ಬರುತ್ತಾರೆ, ಕಪಾಟು ಎಣಿಸುತ್ತಾರೆ, ಎಷ್ಟು ಖರ್ಚಾಗಿದೆ ಎಂದು ಬರೆದುಕೊಳ್ಳುತ್ತಾರೆ, ಕಡಿಮೆ ಬಿದ್ದದ್ದನ್ನು ಅಲ್ಲೇ ತುಂಬಿ ಹೋಗುತ್ತಾರೆ. ಕೆಲವೇ ತಿಂಗಳಲ್ಲಿ ಪಿಕಿನ್‌ನ ಸರ್ಕಾರಿ ಕೇಂದ್ರಗಳಲ್ಲಿ ಔಷಧಿ ಇಲ್ಲ ಎಂಬ ಮಾತು ನಿಂತಿತು. ಆಮೇಲೆ ಇದನ್ನು ದೇಶದ ಉಳಿದ ಕಡೆಗೂ ಹಬ್ಬಿಸಿದರು. ಸಿಸ್ಟರಿನ ಕೈಯಿಂದ ಉಗ್ರಾಣದ ಓಡಾಟ ತಪ್ಪಿತು, ಆ ಹೊತ್ತು ಹೆಂಗಸರ ಜೊತೆ ಮಾತಾಡಲು ಸಿಕ್ಕಿತು. ಇದಕ್ಕಿಂತ ಒಳ್ಳೆಯ ನೆರವು ಯಾವುದಿದೆ ಹೇಳಿ?

ಇನ್ನು ಜಾಗ ಮತ್ತು ಹೊತ್ತಿನ ವಿಚಾರ. ನೈಜೀರಿಯಾದ ನಗರಗಳಲ್ಲಿ ಆರೋಗ್ಯ ಕೇಂದ್ರಗಳನ್ನು 72 ಗಂಟೆಯಲ್ಲಿ ಸರಿಪಡಿಸುವ ಒಂದು ಕ್ರಮ ತಂದರು. ವಾರದ ಕೊನೆಯಲ್ಲಿ ಕೆಲಸ ಶುರು, ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮುಗಿದಿರಬೇಕು. ಬಣ್ಣ ಬಳಿಯುವುದು, ನಲ್ಲಿ ರಿಪೇರಿ, ದೀಪ, ಕೂರಲು ಬೆಂಚು, ಸಮಾಲೋಚನೆಗೆ ಮರೆಯಿರುವ ಜಾಗ. ವಾರದ ದಿನಗಳಲ್ಲಿ ಕೇಂದ್ರ ಮುಚ್ಚುವುದಿಲ್ಲ, ಯಾರೂ ವಾಪಸು ಹೋಗುವುದಿಲ್ಲ. ಭಾರತದಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ, ನಗರದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ತೆರೆದಿದ್ದರೆ ಒಳ್ಳೆಯದು ಎಂದು ಸಲಹೆ ಮಾಡಿತು. ದುಡಿಯುವವರು ಸಂಜೆ ಬರಲಿ ಎಂಬುದೇ ಉದ್ದೇಶ. ಸಲಹೆ ಎಲ್ಲ ಕಡೆ ಜಾರಿಯಾಗಿಲ್ಲ, ಆದರೆ ಯೋಚನೆ ಸರಿಯಾಗಿದೆ.

ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆ 2007ರಲ್ಲಿ ಮಾನೋಶಿ ಎಂಬ ಕಾರ್ಯಕ್ರಮ ಆರಂಭಿಸಿತು. ಢಾಕಾದ ಕೊಳೆಗೇರಿಗಳಲ್ಲಿ ಒಂದೇ ಕೋಣೆಯ ಮನೆ, ಅದರಲ್ಲಿ ಇಡೀ ಸಂಸಾರ. ಹೆರಿಗೆಗೆ ಮರೆಯೂ ಇಲ್ಲ, ಶುಚಿಯೂ ಇಲ್ಲ. ಆಸ್ಪತ್ರೆಗೆ ಹೋಗಲು ಭಯ. ಇವೆರಡರ ನಡುವೆ ಬ್ರಾಕ್‌ನವರು ಬಸ್ತಿಯ, ಅಂದರೆ ಕೊಳೆಗೇರಿಯ, ಒಳಗೇ ಚಿಕ್ಕ ಹೆರಿಗೆ ಕೇಂದ್ರಗಳನ್ನು ತೆರೆದರು. ಅದೇ ಬಸ್ತಿಯ ಹೆಂಗಸರಿಗೆ ತರಬೇತಿ ಕೊಟ್ಟರು, ತೊಡಕಾದರೆ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ ಜೋಡಿಸಿದರು. ಬಸ್ತಿಯ ಹೆಂಗಸರ ನಂಬಿಕೆಯನ್ನೂ ಆಸ್ಪತ್ರೆಯ ಶಕ್ತಿಯನ್ನೂ ಸೇರಿಸಿದ ಈ ಕೆಲಸ ನನಗೆ ಬಹಳ ಇಷ್ಟ.

ಮಾತು ಕೂಡ ಚಿಕಿತ್ಸೆಯ ಭಾಗ

ಗರ್ಭನಿರೋಧಕ ವಿಧಾನವನ್ನು ಶುರು ಮಾಡಿದ ಮೇಲೆ ಮೊದಲ ವರ್ಷದಲ್ಲೇ ಬಿಟ್ಟುಬಿಡುವವರು ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಎಂದು ಹಲವು ದೇಶಗಳ ಸಮೀಕ್ಷೆಗಳು ತೋರಿಸಿವೆ. ಮಕ್ಕಳು ಬೇಕೆಂದು ಬಿಡುವವರು ಕೆಲವರು. ಆದರೆ ಬಹಳ ಜನ ಬಿಡುವುದು ಅಡ್ಡಪರಿಣಾಮಕ್ಕೆ ಹೆದರಿ. ಹೆದರಿಕೆಗೆ ಮುಖ್ಯ ಕಾರಣ, ಏನಾಗಬಹುದು ಎಂದು ಅವರಿಗೆ ಮೊದಲೇ ಯಾರೂ ಹೇಳದಿರುವುದು.

ಇಂಜೆಕ್ಷನ್ ತೆಗೆದುಕೊಂಡವರಿಗೆ ಮೊದಲ ತಿಂಗಳುಗಳಲ್ಲಿ ಮುಟ್ಟು ಏರುಪೇರಾಗುತ್ತದೆ, ವರ್ಷದ ಹೊತ್ತಿಗೆ ಬಹಳ ಜನರಿಗೆ ಮುಟ್ಟು ನಿಂತೇ ಹೋಗಬಹುದು. ಇದು ಆ ಔಷಧಿ ಕೆಲಸ ಮಾಡುವ ರೀತಿ. ಕೆಟ್ಟ ರಕ್ತ ಒಳಗೇ ಸೇರಿಕೊಳ್ಳುವುದೂ ಇಲ್ಲ, ಗರ್ಭಕೋಶ ಹಾಳಾಗುವುದೂ ಇಲ್ಲ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಸ್ವಲ್ಪ ತಿಂಗಳು ತಡವಾಗಬಹುದು, ಆದರೆ ಮಕ್ಕಳಾಗುವ ಶಕ್ತಿ ಹೋಗುವುದಿಲ್ಲ. ಕಾಪರ್-ಟಿ, ಅಂದರೆ ಜನ ವಂಕಿ ಅನ್ನುವುದು, ಹಾಕಿಸಿಕೊಂಡವರಿಗೆ ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ಸ್ರಾವ, ಹೊಟ್ಟೆನೋವು ಜಾಸ್ತಿ ಇರಬಹುದು. ಗಂಡಸರ ನಸಬಂದಿ ಹೆಂಗಸರ ಆಪರೇಷನ್‌ಗಿಂತ ಸರಳ, ಆದರೆ ಅದು ಪೂರ್ತಿ ಕೆಲಸಕ್ಕೆ ಬರಲು ಸುಮಾರು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಕಾಂಡೋಮ್ ಬಳಸಬೇಕು. ಇಷ್ಟನ್ನು ಮೊದಲೇ ಹೇಳಿದರೆ ಮುಂದೆ ಎಷ್ಟು ಗಾಬರಿ ತಪ್ಪುತ್ತದೆ, ಅಲ್ವಾ? ಹೇಳಲು ಹತ್ತು ನಿಮಿಷ ಬೇಕು. ದಿನಕ್ಕೆ ನೂರಾರು ಜನ ಬರುವ ಕೇಂದ್ರದಲ್ಲಿ ಒಬ್ಬರೇ ಸಿಸ್ಟರ್ ಇದ್ದರೆ ಆ ಹತ್ತು ನಿಮಿಷ ಎಲ್ಲಿಂದ ಬರಬೇಕು? ಹಾಗಾಗಿ ಸಮಾಲೋಚನೆಗೆಂದೇ ಇನ್ನೊಬ್ಬರನ್ನು ನೇಮಿಸಲು ನೆರವಾಗುವುದು, ಹೊಸ ಯಂತ್ರ ಕೊಡಿಸುವುದಕ್ಕಿಂತ ಹೆಚ್ಚಿನ ಉಪಕಾರ.

ಈ ಮಾತು ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಜಗತ್ತಿನಾದ್ಯಂತ ಬಳಸುವ ಒಂದು ಸರಳ ಅಳತೆ ಇದೆ. ಸೇವೆ ಪಡೆದ ಹೆಣ್ಣುಮಗಳನ್ನು ಕೇಳುವುದು ನಾಲ್ಕೇ ಪ್ರಶ್ನೆ. ಬೇರೆ ವಿಧಾನಗಳ ಬಗ್ಗೆಯೂ ಹೇಳಿದರೇ? ಅಡ್ಡಪರಿಣಾಮ ಏನಾಗಬಹುದು ಎಂದು ಹೇಳಿದರೇ? ಹಾಗೇನಾದರೂ ಆದಾಗ ಏನು ಮಾಡಬೇಕು ಎಂದು ಹೇಳಿದರೇ? ಬೇಡವೆನಿಸಿದರೆ ಬೇರೆ ವಿಧಾನಕ್ಕೆ ಬದಲಾಯಿಸಬಹುದು ಎಂದು ಹೇಳಿದರೇ? ನಾಲ್ಕಕ್ಕೂ ಹೌದು ಎಂಬ ಉತ್ತರ ಬಂದರೆ ಆ ಕೇಂದ್ರದ ಕೆಲಸ ಚೆನ್ನಾಗಿದೆ ಎಂದರ್ಥ. ಎಷ್ಟು ಜನರಿಗೆ ವಂಕಿ ಹಾಕಿದಿರಿ ಎಂದು ಕೇಳುವುದಕ್ಕಿಂತ ಇದು ಎಷ್ಟೋ ಮೇಲು.

ಯಾಕೆ ಮೇಲು ಎಂಬುದಕ್ಕೆ ಇತಿಹಾಸದಲ್ಲಿ ಕಹಿ ಉತ್ತರ ಇದೆ. ಭಾರತದಲ್ಲಿ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಸುಮಾರಿಗೆ, ನೌಕರರಿಗೆ ಗುರಿ ಕೊಟ್ಟು ಲಕ್ಷಾಂತರ ಗಂಡಸರಿಗೆ ನಸಬಂದಿ ಮಾಡಿಸಿದರು. ಅದರಲ್ಲಿ ಎಷ್ಟೋ ಬಲವಂತದ್ದು. ಪೆರು ದೇಶದಲ್ಲಿ 1990ರ ದಶಕದಲ್ಲಿ ಬಡ ಮತ್ತು ಮೂಲನಿವಾಸಿ ಹೆಂಗಸರಿಗೆ ಒಪ್ಪಿಗೆ ಇಲ್ಲದೆ ಆಪರೇಷನ್ ಮಾಡಿದರು. ಎರಡೂ ಕಡೆ ಮೇಲಿನಿಂದ ಬಂದದ್ದು ಒಂದು ಸಂಖ್ಯೆ. ಕೆಳಗಿನವರು ಆ ಸಂಖ್ಯೆ ತುಂಬಿಸಲು ಹೊರಟರು. ಭಾರತ 1996ರಲ್ಲಿ ಇಂಥ ಗುರಿಗಳನ್ನು ಅಧಿಕೃತವಾಗಿ ಕೈಬಿಟ್ಟಿತು. ಆ ದಿನಗಳ ಭಯ ಜನರ ಮನಸ್ಸಿನಿಂದ ಅಷ್ಟು ಬೇಗ ಹೋಗುವಂಥದ್ದಲ್ಲ. ನೆರವು ಕೊಡುವವರು ಇಂದಿಗೂ ಇಷ್ಟು ಜನರನ್ನು ತಲುಪಿ ಎಂದು ವರದಿ ಕೇಳುವಾಗ, ಆ ಒತ್ತಡ ಕೊನೆಗೆ ಯಾರ ಮೈಮೇಲೆ ಇಳಿಯುತ್ತದೆ ಎಂದು ಯೋಚಿಸಲೇಬೇಕು.

ಒಂದು ಸಣ್ಣ ಪರೀಕ್ಷೆ ಇದೆ. ತೋಳಿನ ಚರ್ಮದಡಿ ಹಾಕುವ ಇಂಪ್ಲಾಂಟ್ ಆಗಲಿ, ವಂಕಿ ಆಗಲಿ, ಹಾಕುವಷ್ಟೇ ಸುಲಭವಾಗಿ ತೆಗೆದುಕೊಡುತ್ತಾರಾ? ತೆಗೆಸಲು ಬಂದವಳಿಗೆ 'ಇನ್ನೂ ಸ್ವಲ್ಪ ದಿನ ನೋಡಮ್ಮ' ಎಂದು ಸಾಗಹಾಕಿದರೆ, ಅದು ಆಯ್ಕೆ ಹೇಗಾಗುತ್ತದೆ? ಹಾಕುವ ತರಬೇತಿಗೆ ದುಡ್ಡು ಕೊಡುವ ಯಾರೇ ಆಗಲಿ, ತೆಗೆಯುವ ತರಬೇತಿಗೂ ಅಷ್ಟೇ ಕೊಡಬೇಕು. ಈ ಮಾತಿನಲ್ಲಿ ನನಗೆ ರಾಜಿ ಇಲ್ಲ.

ಗರ್ಭನಿರೋಧಕದ ಬಗ್ಗೆಯೇ ಇಷ್ಟು ಬರೆದದ್ದು ಅಲ್ಲಿ ತಪ್ಪುಗಳು ಜಾಸ್ತಿ ಆಗುತ್ತವೆ ಎಂಬ ಕಾರಣಕ್ಕೆ. ಉಳಿದ ಕೆಲಸಗಳೂ ಅಷ್ಟೇ ಮುಖ್ಯ, ಕೆಲವಂತೂ ತುಂಬಾ ಸುಲಭ. ಗರ್ಭಿಣಿಗೆ ಸಿಫಿಲಿಸ್ ಎಂಬ ಲೈಂಗಿಕ ಸೋಂಕು ಇದೆಯೇ ಎಂದು ಬೆರಳ ತುದಿಯ ಒಂದು ಹನಿ ರಕ್ತದಲ್ಲಿ, ಅರ್ಧ ಗಂಟೆಯೊಳಗೆ ತಿಳಿಯಬಹುದು. ಇದ್ದರೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು ಮಗುವನ್ನು ಉಳಿಸಿಕೊಳ್ಳಬಹುದು. ಗರ್ಭಿಣಿಯಾಗಿದ್ದಾಗ ಆರೋಗ್ಯ ಸಿಬ್ಬಂದಿಯನ್ನು ಕನಿಷ್ಠ 8 ಸಲ ಕಾಣಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಹೇಳುತ್ತಿದೆ. ಮೊದಲು 4 ಸಲ ಸಾಕು ಅನ್ನುತ್ತಿದ್ದರು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹುಡುಗಿಯರಿಗೆ ಒಂದೇ ಡೋಸ್ ಕೊಟ್ಟರೂ ಆಗಬಹುದು ಎಂದು ಅದೇ ಸಂಸ್ಥೆ 2022ರಲ್ಲಿ ಹೇಳಿದ ಮೇಲೆ, ನಗರದ ಶಾಲೆಗಳಲ್ಲಿ ಲಸಿಕೆ ಹಾಕುವುದು ಎಷ್ಟೋ ಹಗುರವಾಗಿದೆ. ಎರಡನೇ ಡೋಸ್‌ಗೆ ಹುಡುಗಿ ಅದೇ ಶಾಲೆಯಲ್ಲಿ ಇರುತ್ತಾಳೋ ಇಲ್ಲವೋ ಎಂಬ ಚಿಂತೆ ಇಲ್ಲ.

ಮೆಡಿಕಲ್ ಶಾಪನ್ನು ಮರೆಯಬಾರದು. ನಗರದಲ್ಲಿ ಮಾತ್ರೆ, ಕಾಂಡೋಮ್, ತುರ್ತು ಗರ್ಭನಿರೋಧಕ ಕೊಳ್ಳುವವರಲ್ಲಿ ಬಹಳಷ್ಟು ಜನ ಹೋಗುವುದು ಅಲ್ಲಿಗೇ. ಯಾರೂ ಹೆಸರು ಕೇಳುವುದಿಲ್ಲ, ರಾತ್ರಿ ತೆರೆದಿರುತ್ತದೆ. ತುರ್ತು ಮಾತ್ರೆ ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು, ಅದರಿಂದ ಆಗಲೇ ನಿಂತ ಗರ್ಭ ಹೋಗುವುದಿಲ್ಲ, ತಿಂಗಳು ತಿಂಗಳೂ ಅದನ್ನೇ ನಂಬಿಕೊಳ್ಳುವುದು ಸರಿಯಲ್ಲ. ಕೌಂಟರಿನಲ್ಲಿ ನಿಂತಿರುವ ಹುಡುಗನಿಗೆ ಈ ಮೂರು ಮಾತು ಗೊತ್ತಿದ್ದು, ಮುಖ ಸಿಂಡರಿಸದೆ ಹೇಳಿದರೆ ಎಷ್ಟೋ ಜನರಿಗೆ ಉಪಕಾರ. ಮದುವೆಯಾಗದ ಹುಡುಗಿಯರು, ಹೊರ ಊರಿಂದ ಬಂದು ಹಾಸ್ಟೆಲ್‌ನಲ್ಲಿ ಇರುವವರು ಸರ್ಕಾರಿ ಕೇಂದ್ರದ ಮೆಟ್ಟಿಲನ್ನೇ ಹತ್ತುವುದಿಲ್ಲ. ಅವರಿಗೆ ಸಿಗುವ ಏಕೈಕ ಆರೋಗ್ಯ ಸಲಹೆ ಆ ಕೌಂಟರಿನದ್ದೇ ಆಗಿರಬಹುದು.

ಸುರಕ್ಷಿತವಲ್ಲದ ಗರ್ಭಪಾತದ ವಿಚಾರ ಮಾತ್ರ ಎಲ್ಲ ನಗರಗಳಲ್ಲೂ ಮುಚ್ಚಿಟ್ಟ ವಿಚಾರ. ಜಗತ್ತಿನಲ್ಲಿ ನಡೆಯುವ ಗರ್ಭಪಾತಗಳಲ್ಲಿ ಸುಮಾರು ಶೇ. 45ರಷ್ಟು ಅಸುರಕ್ಷಿತ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಆದರೆ ರಕ್ತಸ್ರಾವವಾಗಿ ಬಂದವಳಿಗೆ ಬೈಯದೆ, ಪೊಲೀಸರ ಹೆಸರು ಹೇಳಿ ಹೆದರಿಸದೆ ಚಿಕಿತ್ಸೆ ಕೊಡಲು ಸ್ಥಳೀಯ ಸಿಬ್ಬಂದಿಯನ್ನು ಸಜ್ಜುಗೊಳಿಸುವುದು ಎಲ್ಲ ಕಡೆಯೂ ಆಗಬೇಕಾದ ಕೆಲಸ. ಜೀವ ಉಳಿಯುವುದೋ ಹೋಗುವುದೋ ಎಂಬುದು ಆ ಒಂದು ಗಂಟೆಯಲ್ಲೇ ತೀರ್ಮಾನವಾಗುತ್ತದೆ.

ದುಡ್ಡು ಮುಗಿದ ಮೇಲೆ ಏನು?

2010ರ ಆಸುಪಾಸಿನಲ್ಲಿ ಗೇಟ್ಸ್ ಫೌಂಡೇಷನ್ ಭಾರತ, ಕೀನ್ಯಾ, ನೈಜೀರಿಯಾ, ಸೆನೆಗಲ್ ದೇಶಗಳ ಕೆಲವು ನಗರಗಳಲ್ಲಿ ಕುಟುಂಬ ಯೋಜನೆಯ ದೊಡ್ಡ ಕಾರ್ಯಕ್ರಮ ನಡೆಸಿತು. ಭಾರತದಲ್ಲಿ ಉತ್ತರ ಪ್ರದೇಶದ ಆಗ್ರಾ, ಅಲೀಗಢ, ಗೋರಖಪುರದಂಥ ನಗರಗಳು ಅದರಲ್ಲಿದ್ದವು. ಯಾವ ಕ್ರಮ ಫಲ ಕೊಡುತ್ತದೆ ಎಂದು ಅಲ್ಲಿ ಸಾಕಷ್ಟು ಕಲಿತರು. ಆದರೆ ಹೊರಗಿನ ದುಡ್ಡಿನಿಂದ, ಹೊರಗಿನ ಸಿಬ್ಬಂದಿಯಿಂದ ನಡೆಯುವ ಕೆಲಸವನ್ನು ನೂರಾರು ನಗರಗಳಿಗೆ ಹಬ್ಬಿಸುವುದು ಹೇಗೆ? 2016ರಲ್ಲಿ ಶುರುವಾದ ದಿ ಚಾಲೆಂಜ್ ಇನಿಶಿಯೇಟಿವ್ ಎಂಬ ಕಾರ್ಯಕ್ರಮ ಬೇರೆ ದಾರಿ ಹಿಡಿಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಒಂದು ಕೇಂದ್ರ ಇದನ್ನು ಮುನ್ನಡೆಸುತ್ತದೆ. ಇಲ್ಲಿ ನಗರಗಳನ್ನು ಯಾರೂ ಆರಿಸುವುದಿಲ್ಲ. ನಗರದವರೇ ಮುಂದೆ ಬಂದು ನಮಗೆ ಇದು ಬೇಕು ಅನ್ನಬೇಕು, ತಮ್ಮದೇ ಬಜೆಟ್‌ನಿಂದ ಹಣ ಹಾಕಬೇಕು. ತರಬೇತುದಾರರು ಮೊದಲು ತಾವೇ ಮಾಡಿ ತೋರಿಸುತ್ತಾರೆ, ಆಮೇಲೆ ಜೊತೆ ನಿಂತು ಮಾಡಿಸುತ್ತಾರೆ, ಕೊನೆಗೆ ಪಕ್ಕದಲ್ಲಿ ನಿಂತು ನೋಡುತ್ತಾರಷ್ಟೆ.

ಈ ಕ್ರಮ ಎಲ್ಲದಕ್ಕೂ ಉತ್ತರ ಅಂತ ನಾನು ಹೇಳುವುದಿಲ್ಲ. ತೀರಾ ಬಡ ಪಾಲಿಕೆಗೆ ತನ್ನ ಪಾಲು ಹಾಕುವುದೇ ಕಷ್ಟ. ಅಂಥ ಕಡೆ ಹೊರಗಿನವರೇ ಮೊದಲ ಹೆಜ್ಜೆ ಇಡಬೇಕಾಗುತ್ತದೆ. ಆದರೆ ಸ್ವಂತ ದುಡ್ಡು ಹಾಕಿದ ಊರು ಕೆಲಸವನ್ನು ಅರ್ಧಕ್ಕೆ ಬಿಡುವುದು ಕಡಿಮೆ. ಬಜೆಟ್‌ನಲ್ಲಿ ಒಮ್ಮೆ ಒಂದು ಸಾಲು ಸೇರಿದರೆ, ಮುಂದಿನ ವರ್ಷ ಅದನ್ನು ತೆಗೆಯಲು ಯಾರಾದರೂ ಕಾರಣ ಹೇಳಬೇಕಾಗುತ್ತದೆ.

ಸಾಲು ಸೇರಿದ ಮಾತ್ರಕ್ಕೆ ದುಡ್ಡು ಬಂತು ಅಂತಲ್ಲ. ಮಂಜೂರಾದ ಹಣ ಆರ್ಥಿಕ ವರ್ಷದ ಕೊನೆಯಲ್ಲಿ ಬಂದರೆ ಅವಸರದಲ್ಲಿ ಏನೋ ಒಂದು ಖರೀದಿ ಮಾಡಿ ಮುಗಿಸುತ್ತಾರೆ. ಬೇಕಾಗಿದ್ದು ಆ ಹಣ ಸಮಯಕ್ಕೆ ಬಿಡುಗಡೆ ಆಗುವುದು. ಕಡತ ಯಾವ ಟೇಬಲ್ ಮೇಲೆ ನಿಂತಿದೆ ಎಂದು ಹಿಂದೆ ಬಿದ್ದು ಕೇಳುವ ಸ್ಥಳೀಯ ಜನ ಇರುವ ಕಡೆ ಮಾತ್ರ ಇದು ನಡೆಯುತ್ತದೆ. ಹೀಗೆ ಕೇಳುವುದನ್ನು ಕಲಿಸುವುದೂ ಒಂದು ನೆರವೇ.

ಇನ್ನೊಂದು ಸತ್ಯ, ತರಬೇತಿ ಪಡೆದ ಸಿಸ್ಟರ್ ವರ್ಗವಾಗಿ ಹೋಗುತ್ತಾರೆ. ಹೊಸಬರು ಬರುತ್ತಾರೆ, ಅವರಿಗೆ ವಂಕಿ ಹಾಕಿ ಅಭ್ಯಾಸ ಇರುವುದಿಲ್ಲ, ಒಂದೆರಡು ತಿಂಗಳಲ್ಲಿ ಆ ಸೇವೆಯೇ ನಿಂತುಹೋಗುತ್ತದೆ. ಹೋಟೆಲ್‌ನಲ್ಲಿ ಒಮ್ಮೆ ದೊಡ್ಡ ತರಬೇತಿ ಶಿಬಿರ ಮಾಡಿ ಕೈತೊಳೆದುಕೊಂಡರೆ ಹೀಗೇ ಆಗುವುದು. ಒಂದು ಕೇಂದ್ರದ ಅನುಭವಿ ಸಿಸ್ಟರ್ ಇನ್ನೊಂದು ಕೇಂದ್ರಕ್ಕೆ ಹೋಗಿ, ಹೊಸಬರ ಜೊತೆ ಕೆಲಸದ ಜಾಗದಲ್ಲೇ ನಿಂತು ಕಲಿಸುವ ವ್ಯವಸ್ಥೆ ಇದ್ದರೆ ಯಾರು ಹೋದರೂ ಕಲಿಕೆ ಉಳಿಯುತ್ತದೆ. ಮನೆಮನೆ ಸುತ್ತುವ ಕಾರ್ಯಕರ್ತೆಯರಿಗೂ ಇದೇ ಮಾತು. ಅವರ ಗೌರವಧನ ತಿಂಗಳುಗಟ್ಟಲೆ ಬಾಕಿ ಇಟ್ಟು, ಸಭೆಯಲ್ಲಿ ಶಾಲು ಹೊದಿಸಿದರೆ ಅದು ಬೆಂಬಲವಲ್ಲ.

ಸುಮ್ನೆ ಅದೇ ಬಡಾವಣೆಯಲ್ಲಿ ಇರುವ ನಮ್ಮಂಥವರು ಏನು ಮಾಡಬಹುದು? ಮೊದಲು ನಿಮ್ಮ ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಹೊರಗೆ ಬರೆದಿದೆಯೇ, ಮಾತಾಡಲು ಮರೆ ಇದೆಯೇ, ಯಾವ ಯಾವ ಗರ್ಭನಿರೋಧಕ ಈ ದಿನ ಲಭ್ಯ ಎಂಬ ಪಟ್ಟಿ ಇದೆಯೇ ನೋಡಿ. ವಾರ್ಡಿನ ಎಲ್ಲ ಬಸ್ತಿಗಳೂ ಆ ಕೇಂದ್ರದ ನಕ್ಷೆಯಲ್ಲಿವೆಯೇ ಎಂದು ಕೇಳಿ. ಅಧಿಕೃತ ಪಟ್ಟಿಯಲ್ಲಿ ಇಲ್ಲದ ಬಸ್ತಿಗೆ ಯಾವ ಕಾರ್ಯಕರ್ತೆಯೂ ನೇಮಕವಾಗುವುದಿಲ್ಲ. ಕಟ್ಟಡ ಕೆಲಸದವರ ಶೆಡ್ಡುಗಳು, ರೈಲ್ವೆ ಹಳಿಯ ಪಕ್ಕದ ಗುಡಿಸಲುಗಳು ಹೀಗೇ ಬಿಟ್ಟುಹೋಗುತ್ತವೆ. ಅಂಥದ್ದೊಂದು ನಿಮಗೆ ಗೊತ್ತಿದ್ದರೆ ಅದರ ಹೆಸರು, ಸುಮಾರು ಎಷ್ಟು ಮನೆಗಳಿವೆ, ಗರ್ಭಿಣಿಯರು ಇದ್ದಾರೆಯೇ ಎಂದು ಬರೆದು ಪಾಲಿಕೆಯ ಆರೋಗ್ಯಾಧಿಕಾರಿಗೆ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ತಿಂಗಳ ನಂತರ ಆ ಬಸ್ತಿಗೆ ಯಾರಾದರೂ ಬಂದರೇ ಎಂದು ಅಲ್ಲಿನ ಹೆಂಗಸರನ್ನೇ ಕೇಳಿ. ಬಂದಿರದಿದ್ದರೆ ಆ ಸ್ವೀಕೃತಿ ಹಿಡಿದು ಮತ್ತೆ ಕಚೇರಿಗೆ ಹೋಗಿ, ಈ ಸಲ ಆ ಹೆಂಗಸರಲ್ಲಿ ಇಬ್ಬರನ್ನು ಜೊತೆಗೆ ಕರೆದುಕೊಂಡು.